ವಿಮಾನ ಹತ್ತುವ ಮುಂಚೆ ಕಿವಿಯ ಲೆಕ್ಕ

ಉಮ್ರಾಕ್ಕೆ ಹೊರಡುವವರ ಮನೆಯಲ್ಲಿ ಹದಿನೈದು ದಿನ ಮುಂಚಿನಿಂದಲೇ ಸಾಮಾನಿನ ಪಟ್ಟಿ ಶುರುವಾಗುತ್ತದೆ. ಇಹ್ರಾಂ ಬಟ್ಟೆ, ಸೊಂಟದ ಬೆಲ್ಟು, ವಾಸನೆ ಇಲ್ಲದ ಸೋಪು, ಬಿಪಿ ಮಾತ್ರೆ, ಉಪ್ಪಿನಕಾಯಿ. ಈಗ ಆ ಪಟ್ಟಿಯ ಕೊನೆಗೆ ಮಕ್ಕಳು ಇನ್ನೊಂದು ಸಾಲು ಸೇರಿಸ್ತಾರೆ: ಇಯರ್‌ಫೋನ್. ಇದು ಬೇಡದ ಖರ್ಚು ಎಂದು ನಾವು ಹೇಳುವುದಿಲ್ಲ. ಬೆಂಗಳೂರಿನಿಂದ ಜಿದ್ದಾಕ್ಕೆ ಐದಾರು ತಾಸಿನ ಹಾರಾಟ. ಕುರ್‌ಆನ್ ಪಾರಾಯಣ ಕೇಳಲಿಕ್ಕೆ, ಉಮ್ರಾದ ಕ್ರಮ ಹೇಳಿಕೊಡುವ ಆಡಿಯೋ ಮತ್ತೊಮ್ಮೆ ಕೇಳಿ ಮನನ ಮಾಡಲಿಕ್ಕೆ, ಮಕ್ಕಳನ್ನು ಸುಮ್ಮನೆ ಕೂರಿಸಲಿಕ್ಕೆ ಅದು ಬೇಕೇ ಬೇಕು. ನಮ್ಮ ತಕರಾರು ಇರುವುದು ಅದನ್ನು ಕೊಳ್ಳುವ ರೀತಿಯ ಬಗ್ಗೆ.

ನಮ್ಮ ಮನೆಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇವೆ. ಉಮ್ಮನಿಗೆ ಅಂತ ದಾವಣಗೆರೆಯ ಒಂದು ಮೊಬೈಲ್ ಅಂಗಡಿಗೆ ಹೋದೆವು. ವಿಮಾನಕ್ಕೆ ಬೇಕು ಎಂದದ್ದೇ ತಡ, ಅಂಗಡಿಯ ಹುಡುಗ ಒಂದು ಡಬ್ಬಿ ಎತ್ತಿ ಮುಂದಿಟ್ಟ. "ತಗಳ್ರಿ ಭಾಯ್, ಇದ್ರಾಗೆ ನಾಯ್ಸ್ ಕ್ಯಾನ್ಸಲಿಂಗ್ ಐತಿ, ಇಂಜಿನ್ ಸದ್ದು ಒಂಚೂರೂ ಕೇಳಂಗಿಲ್ಲ." ಡಬ್ಬಿಯ ಮೇಲೂ ದಪ್ಪ ಅಕ್ಷರದಲ್ಲಿ ಹಾಗೇ ಬರೆದಿತ್ತು. 1,800 ರೂಪಾಯಿ ಕೊಟ್ಟು ತಂದೆವು. ವಿಮಾನ ಮೇಲೇರಿದ ಮೇಲೆ ಉಮ್ಮ ಅದನ್ನು ಕಿವಿಗೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಇದು ಹಾಳಾಗಿದೆಯಾ ಮೋನೇ?" ಎಂದು ಕೇಳಿದರು. ಇಂಜಿನ್ ಸದ್ದು ಇದ್ದ ಹಾಗೇ ಇತ್ತು. ಪಾರಾಯಣ ಕೇಳಿಸಲಿ ಅಂತ ಧ್ವನಿ ಜಾಸ್ತಿ ಮಾಡುತ್ತಾ ಹೋದರು. ಜಿದ್ದಾದಲ್ಲಿ ಇಳಿದಾಗ ಅವರ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅದು ಮರುದಿನದವರೆಗೂ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಡಬ್ಬಿಯನ್ನು ಸರಿಯಾಗಿ ಓದಿದೆವು. ಅದರಲ್ಲಿ ಇದ್ದದ್ದು ಇಎನ್‌ಸಿ. ನಮಗೆ ಬೇಕಾಗಿದ್ದದ್ದು ಎಎನ್‌ಸಿ. ಇಂಗ್ಲಿಷಿನಲ್ಲಿ ಒಂದು ಅಕ್ಷರದ ವ್ಯತ್ಯಾಸ, ಕೆಲಸದಲ್ಲಿ ಆಕಾಶ ಭೂಮಿಯಷ್ಟು. ಇಎನ್‌ಸಿ ಎಂದರೆ ನಾವು ಫೋನಿನಲ್ಲಿ ಮಾತಾಡುವಾಗ ನಮ್ಮ ಸುತ್ತಲಿನ ಗದ್ದಲವನ್ನು ಮೈಕ್ ಕಡಿಮೆ ಮಾಡಿ ಆಚೆ ಕಡೆಯವರಿಗೆ ಕಳಿಸುವುದು. ಅಂದರೆ ಅದರ ಲಾಭ ದಮಾಮ್‌ನಲ್ಲಿ ಕೂತು ನಮ್ಮ ಫೋನ್ ಎತ್ತಿದವನಿಗೆ, ನಮಗಲ್ಲ. ವಿಮಾನದಲ್ಲಂತೂ ಫೋನೇ ಇಲ್ಲ. ಎಎನ್‌ಸಿಯದ್ದು ಬೇರೆ ಕೆಲಸ. ಹೊರಗಿನ ಮೈಕ್ ಇಂಜಿನ್ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ತಿರುಗಾದ ಸದ್ದನ್ನು ಒಳಗೆ ಹುಟ್ಟಿಸುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಭಾರ ಇದ್ದಾಗ ಇನ್ನೊಂದರಲ್ಲಿ ಅಷ್ಟೇ ಭಾರ ಇಟ್ಟ ಹಾಗೆ, ಎರಡೂ ಸೇರಿ ಸದ್ದು ಅಡಗುತ್ತದೆ. ಒಂದೇ ಸಮನೆ ಬರುವ ದಪ್ಪ ಸದ್ದಿಗೆ, ಅಂದರೆ ಇಂಜಿನ್ ಮತ್ತು ಗಾಳಿಯ ಮೊರೆತಕ್ಕೆ, ಇದು ಚೆನ್ನಾಗಿ ನಡೆಯುತ್ತದೆ. ಪಕ್ಕದ ಸೀಟಿನ ಮಗುವಿನ ಅಳುವಿಗೆ ಅಷ್ಟಾಗಿ ನಡೆಯುವುದಿಲ್ಲ. ಹಾಗೆ ಭರವಸೆ ಕೊಡುವ ಅಂಗಡಿಯವರನ್ನು ನಂಬಬೇಡಿ.

ಈ ವಿದ್ಯೆ ಬೆಳೆದದ್ದೇ ವಿಮಾನದಲ್ಲಿ. ಅಮರ್ ಬೋಸ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಹುಟ್ಟಿದವರು, ತಂದೆ ಬಂಗಾಳದಿಂದ ಹೋದವರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವಾಗ ವಿಮಾನದವರು ಕೊಟ್ಟ ಹೆಡ್‌ಫೋನ್‌ನಲ್ಲಿ ಇಂಜಿನ್ ಸದ್ದಿನ ನಡುವೆ ಏನೂ ಸರಿಯಾಗಿ ಕೇಳಿಸಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕಲು ಶುರು ಮಾಡಿದರಂತೆ. 1989ರಲ್ಲಿ ಅವರ ಕಂಪನಿ ಪೈಲಟ್‌ಗಳಿಗಾಗಿ ಹೆಡ್‌ಸೆಟ್ ತಂದಿತು, ನಮ್ಮಂಥ ಪ್ರಯಾಣಿಕರ ಕೈಗೆ ಬಂದದ್ದು 2000ದಲ್ಲಿ. ಆಗ ಸಾವಿರಾರು ರೂಪಾಯಿಯ ಶೋಕಿ ಆಗಿದ್ದದ್ದು ಈಗ ಎರಡು ಎರಡೂವರೆ ಸಾವಿರದ ಇಯರ್‌ಬಡ್‌ನಲ್ಲೂ ಸಿಗುತ್ತದೆ. ದೊಡ್ಡ ಕಂಪನಿಗಳ 25 ಸಾವಿರದ ಹೆಡ್‌ಫೋನ್ ಹೆಚ್ಚು ಚೆನ್ನಾಗಿ ಸದ್ದು ಅಡಗಿಸುತ್ತದೆ ಎಂಬುದು ನಿಜ. ಆದರೆ ವರ್ಷಕ್ಕೊಮ್ಮೆ ಗಲ್ಫಿಗೆ ಹೋಗಿ ಬರುವವರಿಗೆ, ಜೀವನದಲ್ಲಿ ಒಮ್ಮೆ ಉಮ್ರಾ ಮಾಡುವವರಿಗೆ ಅದು ಬೇಕೇ?

ನಮ್ಮ ಅಭಿಪ್ರಾಯದಲ್ಲಿ ಬೇಡ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೆಸರಾಂತ ಕಂಪನಿಯ "ಫಸ್ಟ್ ಕಾಪಿ" ಎಂದು ಸಾವಿರ ರೂಪಾಯಿಗೆ ಮಾರುವ ನಕಲಿ. ನೋಡಲು ಅದೇ ಡಬ್ಬಿ, ಅದೇ ಹೆಸರು, ಒಳಗೆ ಏನಿದೆಯೋ ಆ ಅಲ್ಲಾಹನಿಗೇ ಗೊತ್ತು. ಸದ್ದು ಅಡಗಿಸುವುದು ಹಾಗಿರಲಿ, ಒಳಗಿನ ಲಿಥಿಯಂ ಬ್ಯಾಟರಿಯ ಗುಣಮಟ್ಟ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ನೋಡಲಿ ಅಂತ ನಮ್ಮ ಹುಡುಗರು ಅದನ್ನೇ ಹಾಕಿಕೊಂಡು ಓಡಾಡುತ್ತಾರೆ. ವೈರ್‌ಲೆಸ್ ಇಯರ್‌ಫೋನ್‌ಗಳು ನಮ್ಮ ದೇಶದಲ್ಲಿ ಬಿಐಎಸ್ ನೋಂದಣಿ ಇಲ್ಲದೆ ಮಾರುವಂತಿಲ್ಲ. ಡಬ್ಬಿಯ ಮೇಲೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದ ಮುಂದೆ 8 ಅಂಕಿಯ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯದ್ದು ಎಂದು ಅಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತು ಒಂದು ನಿಮಿಷದ ಕೆಲಸ. ನಾವು ಈಗ ಮಾಡುತ್ತೇವೆ, ಅಂಗಡಿಯವರು ಮುಖ ಗಂಟು ಹಾಕಿದರೂ ಸರಿಯೇ.

ಕಿವಿಯ ವಿಚಾರ ತಮಾಷೆಯಲ್ಲ ಎಂದು ದಾವಣಗೆರೆ, ಹರಿಹರದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹತ್ತಿ ಗಿರಣಿಗಳಲ್ಲಿ ಮಗ್ಗದ ಮುಂದೆ ದುಡಿದವರು, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಆಯುಷ್ಯ ಕಳೆದವರು ನಮ್ಮ ನೆರೆಹೊರೆಯಲ್ಲಿದ್ದಾರೆ. ಅವರಲ್ಲಿ ಕೆಲವರ ಹತ್ತಿರ ಇವತ್ತಿಗೂ ಕೂಗಿ ಮಾತಾಡಬೇಕು. ಹೊಟ್ಟೆಪಾಡಿಗಾಗಿ ಅವರು ಕಿವಿ ಕಳೆದುಕೊಂಡರು. ನಮ್ಮ ಮಕ್ಕಳು ದುಡ್ಡು ಕೊಟ್ಟು ಕಳೆದುಕೊಳ್ಳುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ 4 ತಾಸು ಮಾತ್ರ. ಮಕ್ಕಳಿಗೆ ಇನ್ನೂ ಕಡಿಮೆ, 75 ಡೆಸಿಬಲ್. ಹಾರುವ ವಿಮಾನದ ಒಳಗೆ ಇಂಜಿನ್ ಸದ್ದೇ ಸುಮಾರು 80ರಿಂದ 85 ಡೆಸಿಬಲ್ ಇರುತ್ತದೆ. ಅದನ್ನು ಮೀರಿ ಕೇಳಿಸಬೇಕು ಎಂದು ಧ್ವನಿ ಏರಿಸಿದರೆ 90 ದಾಟುವುದು ಸುಲಭ. ಜಿದ್ದಾ ತಲುಪುವಷ್ಟರಲ್ಲಿ ಒಂದು ವಾರದ ಪಾಲು ಮುಗಿದು ಮುಂದಿನ ವಾರದ್ದೂ ಖರ್ಚಾಗಿರುತ್ತದೆ. ಅದಕ್ಕೇ ನಾವು ಹೇಳುವುದು, ಕೊಳ್ಳುವಾಗ ಬೇಸ್ ಎಷ್ಟು ಜೋರು ಎಂದು ಕೇಳಬೇಡಿ, ಹೊರಗಿನ ಸದ್ದು ಎಷ್ಟು ತಡೆಯುತ್ತದೆ ಎಂದು ಕೇಳಿ. ಹೊರಗಿನದ್ದು ಕಡಿಮೆಯಾದರೆ ಒಳಗಿನದ್ದು ಅರ್ಧ ಧ್ವನಿಯಲ್ಲೇ ಸ್ಪಷ್ಟವಾಗಿ ಕೇಳುತ್ತದೆ.

ಹಾಗೆ ತಡೆಯಲಿಕ್ಕೆ ಎಎನ್‌ಸಿಯೇ ಬೇಕೆಂದಿಲ್ಲ. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ಇರುವ ತಂತಿಯ ಇಯರ್‌ಫೋನ್ 400, 500 ರೂಪಾಯಿಗೆ ಸಿಗುತ್ತದೆ, ಸದ್ದನ್ನು ಸಾಕಷ್ಟು ಕಡಿಮೆ ಮಾಡುತ್ತದೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೂರು ಅಳತೆಯ ರಬ್ಬರ್ ಇರುತ್ತವೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಮುಟ್ಟದೆ ಡಬ್ಬಿ ಎಸೆಯುತ್ತಾರೆ. ಮೂರನ್ನೂ ಹಾಕಿ ನೋಡಿ. ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ರಬ್ಬರ್ ಇಲ್ಲದೆ ಕಿವಿಯ ಹೊರಗೇ ತೂಗುವ ಬಡ್‌ಗಳು ವಿಮಾನಕ್ಕೆ ಪ್ರಯೋಜನವಿಲ್ಲ, ಅದು ಎಷ್ಟೇ ಬೆಲೆಯದ್ದಾಗಲಿ.

ದಾವಣಗೆರೆಯವರಿಗೆ ಇನ್ನೊಂದು ಲೆಕ್ಕವಿದೆ. ನಮ್ಮೂರಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿ 27ರಂದು ಶುರುವಾಯಿತು, ಆದರೆ ಗಲ್ಫಿಗೆ ನೇರ ವಿಮಾನ ಬೇಕೆಂದರೆ ಬೆಂಗಳೂರೋ ಮಂಗಳೂರೋ ಆಗಬೇಕು. ಬೆಂಗಳೂರಿಗೇ ಸುಮಾರು 260 ಕಿಲೋಮೀಟರ್. ರಾತ್ರಿ ಬಸ್ಸಿನಲ್ಲಿ ಐದಾರು ತಾಸು, ನಿಲ್ದಾಣದಲ್ಲಿ ಮೂರು ತಾಸು ಮುಂಚೆ, ಆಮೇಲೆ ವಿಮಾನ. ಸಣ್ಣ ಇಯರ್‌ಬಡ್‌ಗಳು ಎಎನ್‌ಸಿ ಹಾಕಿದರೆ ಸಾಮಾನ್ಯವಾಗಿ ಐದಾರು ತಾಸು ನಡೆಯುತ್ತವೆ, ಬಸ್ಸಿನಲ್ಲೇ ಹಾಡು ಕೇಳಿ ಮುಗಿಸಿದರೆ ವಿಮಾನದಲ್ಲಿ ಬರೀ ಕಿವಿ. ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್ ಇಡೀ ಪ್ರಯಾಣಕ್ಕೆ ಸಾಲುತ್ತದೆ. ಮಫ್ತಾ ಹಾಕುವ ಹೆಂಗಸರಿಗೂ ಅದೇ ಅನುಕೂಲ. ತಲೆಯ ಮೇಲಿಂದ ಹಾಕುವ ದೊಡ್ಡ ಹೆಡ್‌ಫೋನ್ ಬಟ್ಟೆಯ ಮೇಲೆ ಕೂತರೆ ಕಿವಿಯ ಸುತ್ತ ಸಂದು ಉಳಿಯುತ್ತದೆ, ಸದ್ದು ಒಳಗೆ ನುಗ್ಗುತ್ತದೆ, ಕೊಟ್ಟ ದುಡ್ಡಿನ ಅರ್ಧ ಅಲ್ಲೇ ಹೋಯಿತು. ನೆಕ್‌ಬ್ಯಾಂಡ್ ಮಫ್ತಾದ ಒಳಗೇ ಇರುತ್ತದೆ, ಕಿತ್ತು ಸೀಟಿನ ಸಂದಿಗೆ ಬೀಳುವ ಭಯವೂ ಇಲ್ಲ. ಒಂಟಿ ಬಡ್ ಸೀಟಿನ ಸಂದಿಗೆ ಬಿದ್ದರೆ ಸೀಟು ಅಲ್ಲಾಡಿಸಬೇಡಿ. ಸಿಬ್ಬಂದಿಯನ್ನು ಕರೆಯಿರಿ, ಬ್ಯಾಟರಿ ಜಜ್ಜಿದರೆ ಬೆಂಕಿಯ ಅಪಾಯ.

ಸೀಟಿನ ಹಿಂದೆ ಪರದೆ ಇರುವ ದೊಡ್ಡ ವಿಮಾನವಾದರೆ ಬಹುತೇಕ ತಂತಿಯದ್ದೇ ಬೇಕು. ಬ್ಲೂಟೂತ್ ಅದಕ್ಕೆ ಸೇರುವುದು ಕೆಲವು ಹೊಸ ವಿಮಾನಗಳಲ್ಲಿ ಮಾತ್ರ. ಅದೂ ಹಳೆಯ ದುಂಡು ಪಿನ್ನಿನದ್ದು, ಈಗಿನ ಫೋನಿನ ಚಾರ್ಜರ್ ತೂತಿಗೆ ಚುಚ್ಚುವ ಚಪ್ಪಟೆ ಪಿನ್ನಿನದ್ದಲ್ಲ. ಕಡಿಮೆ ದರದ ವಿಮಾನಗಳಲ್ಲಿ ಪರದೆಯೇ ಇರುವುದಿಲ್ಲ, ಮಂಗಳೂರಿನಿಂದ ಹೋಗುವವರಿಗೆ ಇದು ಗೊತ್ತಿದ್ದದ್ದೇ. ಕೇಳಬೇಕಾದ್ದನ್ನೆಲ್ಲ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕುವಂತಿಲ್ಲ. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಫೋನು, ಇಯರ್‌ಫೋನು ಎರಡನ್ನೂ ಹತ್ತುವ ಮುಂಚೆಯೇ ತುಂಬಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಸದ್ದು ಅಡಗಿಸುವುದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗನಿದ್ದ, ಅವನದ್ದು ಒಳ್ಳೆಯ ಎಎನ್‌ಸಿ. ಹಾಕಿಕೊಂಡು ಕಣ್ಣು ಮುಚ್ಚಿದ್ದಾನೆ. ಮೀಖಾತ್ ಹತ್ತಿರ ಬರುತ್ತಿದೆ ಎಂದು ವಿಮಾನದಲ್ಲಿ ಘೋಷಣೆ ಆಯಿತು. ಸುತ್ತಲಿನವರೆಲ್ಲ ನಿಯ್ಯತ್ ಮಾಡಿ ತಲ್ಬಿಯಾ ಶುರು ಮಾಡಿದರು. ಇವನಿಗೆ ಒಂದು ಅಕ್ಷರವೂ ಕೇಳಿಲ್ಲ. ಪಕ್ಕದ ಹಿರಿಯರೊಬ್ಬರು ಭುಜ ತಟ್ಟಿ ಎಬ್ಬಿಸದಿದ್ದರೆ ಇಹ್ರಾಂ ಇಲ್ಲದೆಯೇ ಮೀಖಾತ್ ದಾಟಿಬಿಡುತ್ತಿದ್ದ. ಅಷ್ಟು ದುಡ್ಡು, ಅಷ್ಟು ಆಸೆ ಇಟ್ಟುಕೊಂಡು ಹೊರಟವನಿಗೆ ಅದು ಎಂಥ ನಷ್ಟ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಸೀಟಿನ ಪರದೆಗೆ ಚುಚ್ಚಿದ ಇಯರ್‌ಫೋನ್ ಆದರೆ ಘೋಷಣೆ ಬಂದಾಗ ಸಿನಿಮಾ ತಾನೇ ನಿಂತು ಘೋಷಣೆ ಕೇಳಿಸುತ್ತದೆ. ನಮ್ಮದೇ ಫೋನಿಗೆ ಹಾಕಿಕೊಂಡರೆ ಆ ಉಪಕಾರ ಇಲ್ಲ. ಇಳಿಯಲು ಒಂದೂವರೆ ತಾಸು ಇದೆ ಎನ್ನುವಾಗಲೇ ಒಂದು ಕಿವಿಯದ್ದನ್ನು ತೆಗೆದಿಡಿ. ತಂಡದಲ್ಲಿ ಹೋಗುವವರು ಒಬ್ಬರಿಗೆ ಆ ಜವಾಬ್ದಾರಿ ಕೊಡಿ, ಅವರು ಏನನ್ನೂ ಹಾಕಿಕೊಳ್ಳದೆ ಕೂರಲಿ. ಇಹ್ರಾಂನಲ್ಲಿರುವ ಗಂಡಸರು ತಲೆಯ ಮೇಲೆ ಪಟ್ಟಿ ಬರುವ ಹೆಡ್‌ಫೋನ್ ಹಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಉಸ್ತಾದರ ಹತ್ತಿರ ಕೇಳುವ ಪ್ರಶ್ನೆ. ಕಿವಿಯೊಳಗಿನದ್ದನ್ನು ಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ.

ವಿಮಾನ ಕೆಳಗಿಳಿಯಲು ಶುರು ಮಾಡಿದಾಗ ಎರಡನ್ನೂ ತೆಗೆಯುವುದು ಒಳ್ಳೆಯದು. ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ. ರಬ್ಬರ್ ಬಿಗಿಯಾಗಿ ಕೂತಿದ್ದರೆ ತೊಂದರೆ ಹೆಚ್ಚು. ಮಕ್ಕಳಿಗೆ ಪೆಪ್ಪರ್‌ಮೆಂಟು ಕೊಡಿ, ಹಸುಗೂಸಿಗೆ ಹಾಲು ಕುಡಿಸಿ, ದೊಡ್ಡವರು ಎಂಜಲು ನುಂಗಿದರೆ ಸಾಕು. ನೆಗಡಿ ಜೋರಾಗಿದ್ದವರು ಹೊರಡುವ ಮುಂಚೆ ವೈದ್ಯರನ್ನು ಕಾಣಲಿ.

ಮಕ್ಕಳಿಗೆ ಬೇರೆಯದ್ದೇ ಕೊಡಿಸಿ, 85 ಡೆಸಿಬಲ್ ಮೀರದಂತೆ ಕಡಿವಾಣ ಇರುವ ಹೆಡ್‌ಫೋನ್‌ಗಳು ಸಿಗುತ್ತವೆ. ಅದರಲ್ಲೂ ಧ್ವನಿ ಪೂರ್ತಿ ಏರಿಸಿ ಬಿಡಬೇಡಿ. ಏನೂ ಕೊಡಿಸದೆ ಫೋನಿನಲ್ಲಿ ಕಾರ್ಟೂನು ಜೋರಾಗಿ ಹಾಕಿ ಕೊಡುವವರ ಬಗ್ಗೆ ನಾವು ಏನೂ ಹೇಳುವುದಿಲ್ಲ, ಪಕ್ಕದಲ್ಲಿ ಕೂತವರು ಮನಸ್ಸಿನಲ್ಲೇ ಎಲ್ಲ ಹೇಳಿರುತ್ತಾರೆ.

ಬರುವ ತಿಂಗಳು ನಮ್ಮ ಕುಟುಂಬದಿಂದ ಹರಿಹರದವರು ನಾಲ್ಕು ಜನ ಹೊರಟಿದ್ದಾರೆ. ಇಬ್ಬರು ಹಿರಿಯರಿಗೆ 450 ರೂಪಾಯಿಯ ತಂತಿಯದ್ದು, ಇಬ್ಬರು ಹೆಂಗಸರಿಗೆ 1,500ರ ಒಳಗಿನ ನೆಕ್‌ಬ್ಯಾಂಡ್. ರಬ್ಬರ್ ಅಳತೆ ನೋಡಿ ಆಗಿದೆ. ಉಮ್ಮ ತಮ್ಮ ಹಳೆಯ 1,800ರದ್ದನ್ನು ಕೊಡಲೇ ಎಂದು ಕೇಳಿದರು. ಅದು ಇಲ್ಲೇ ಇರಲಿ, ಜಿದ್ದಾದಿಂದ ಅವರು ಫೋನ್ ಮಾಡಿದಾಗ ಮಾತಾಡಲು ನಿಮಗೇ ಬೇಕಾಗುತ್ತದೆ ಎಂದೆವು.