ಬಣ್ಣದ ಕೆಳಗಿನ ತುಕ್ಕು

ಮೈಸೂರು ರೈಲು ನಿಲ್ದಾಣದ ಬಳಿ 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದ ಮಕ್ಕಳು ಹಳೆಯ ಉಗಿ ಎಂಜಿನ್ನನ್ನು ಕಂಡು ಕೇಳಬಹುದಾದ ಪ್ರಶ್ನೆ ಒಂದಿದೆ: 'ಕಲ್ಲಿದ್ದಲು, ನೀರು ತುಂಬಿದರೆ ಇದು ಓಡುತ್ತದೆಯೆ?' ಇದಕ್ಕೆ ಉತ್ತರ ಹೊರಗಿನ ಬಣ್ಣದಲ್ಲಿಲ್ಲ, ಬಾಯ್ಲರಿನ ಒಳಗಿದೆ.

ಬೆಂಕಿಗೂಡಿನಲ್ಲಿ ಹುಟ್ಟಿದ ಬಿಸಿ ಅನಿಲ ಹತ್ತಾರು ಕೊಳವೆಗಳಲ್ಲಿ ಹಾಯ್ದು ಸುತ್ತಲಿನ ನೀರನ್ನು ಕುದಿಸುತ್ತದೆ. ಒಂದು ಲೀಟರ್ ನೀರು ವಾಯುಮಂಡಲದ ಒತ್ತಡದಲ್ಲಿ ಹಬೆಯಾದರೆ ಸುಮಾರು 1,670 ಲೀಟರ್ ಜಾಗ ಬೇಡುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಒತ್ತಡ ಏರುತ್ತದೆ. ಪಿಸ್ಟನ್ನನ್ನು ತಳ್ಳಿ ಚಕ್ರ ತಿರುಗಿಸುವುದು ಈ ಒತ್ತಡವೇ. ತಗಡು ಸವೆದಿದ್ದರೆ ಬಾಯ್ಲರನ್ನು ಸಿಡಿಸುವುದೂ ಇದೇ.

ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಬಯಲಿನಲ್ಲಿ ನಿಂತ ಎಂಜಿನ್ನಿಗೆ ಇವೆರಡಕ್ಕೂ ಕೊರತೆಯಿಲ್ಲ. ಶಾಖ ಸೋರದಿರಲೆಂದು ಬಾಯ್ಲರಿಗೆ ಸುತ್ತಿದ ಹೊದಿಕೆಯೊಳಗೆ ಮಳೆನೀರು ಇಳಿದರೆ ಬೇಗ ಆರುವುದಿಲ್ಲ. ಹೊಗೆಪೆಟ್ಟಿಗೆಯಲ್ಲಿ ಉಳಿದ ಬೂದಿಯ ಗಂಧಕದ ಅಂಶ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಮೇಲಿನ ತಗಡಿಗೆ ವರ್ಷ ವರ್ಷ ಬಣ್ಣ ಬಳಿದರೂ ಒಳಗಿನ ಸವೆತ ನಿಲ್ಲದು.

ಆದ್ದರಿಂದ ಎಂಜಿನ್ನನ್ನು ಮತ್ತೆ ಓಡಿಸುವ ಮುನ್ನ ಹೊದಿಕೆ ಬಿಚ್ಚಿ, ಶ್ರವಣಾತೀತ ಧ್ವನಿಯ ಉಪಕರಣದಿಂದ ತಗಡಿನ ದಪ್ಪ ಅಳೆಯುತ್ತಾರೆ. ಬಳಿಕ ಬಾಯ್ಲರಿನ ತುಂಬ ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಡುತ್ತಾರೆ. ಗಾಳಿಯ ಬದಲು ನೀರೇಕೆ? ನೀರು ಬಹಳ ಕಡಿಮೆ ಕುಗ್ಗುತ್ತದೆ. ಅದರಲ್ಲಿ ಶೇಖರವಾಗುವ ಶಕ್ತಿಯೂ ಅತ್ಯಲ್ಪ. ತಗಡು ಬಿರಿದರೆ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿಯಾದರೆ ಸ್ಫೋಟವಾಗುತ್ತಿತ್ತು.

ಇಂಥ ಪುನಶ್ಚೇತನ ಸಾಧ್ಯವೆಂಬುದಕ್ಕೆ 'ಫೇರಿ ಕ್ವೀನ್' ಸಾಕ್ಷಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1855ರಲ್ಲಿ ತಯಾರಾದ ಈ ಎಂಜಿನ್ 1909ರಲ್ಲಿ ನಿವೃತ್ತವಾಯಿತು. 1997ರಲ್ಲಿ, 88 ವರ್ಷಗಳ ಬಳಿಕ, ಮತ್ತೆ ಓಡಿತು. ಮರುವರ್ಷ ಗಿನ್ನೆಸ್ ದಾಖಲೆಗೂ ಸೇರಿತು. ಮುಂದೆ ಅದರ ಬಿಡಿಭಾಗಗಳು ಕಳುವಾಗಿ ಮೂಲೆ ಸೇರಿದಾಗ, 2011ರಲ್ಲಿ ಚೆನ್ನೈನ ಪೆರಂಬೂರು ಕಾರ್ಯಾಗಾರಕ್ಕೆ ಒಯ್ಯಲಾಯಿತು. ಅಂಗಡಿಯಲ್ಲಿ ಸಿಗದ ಭಾಗಗಳನ್ನು ಅಲ್ಲಿ ಹೊಸದಾಗಿಯೇ ಮಾಡಬೇಕಾಯಿತು.

ಇಲ್ಲೊಂದು ಪೇಚಿದೆ. ಓಡಿಸಬೇಕಾದರೆ ಸವೆದ ಭಾಗ ಬದಲಾಯಿಸಲೇಬೇಕು. ಬದಲಾಯಿಸಿದಷ್ಟೂ 1855ರ ಲೋಹ ಕಡಿಮೆಯಾಗುತ್ತದೆ. ಹಾಗೆಯೇ ಇಟ್ಟರೆ ಲೋಹ ಉಳಿದೀತು, ಆದರೆ ಅದನ್ನು ಓಡಿಸುವ ಕೈಗಳ ವಿದ್ಯೆ ಮರೆಯಾಗುತ್ತದೆ. ಭಾರತದ ಬ್ರಾಡ್‌ಗೇಜ್ ಹಳಿಗಳಲ್ಲಿ ದೈನಂದಿನ ಉಗಿ ರೈಲು ನಿಂತದ್ದು 1995ರಲ್ಲಿ. ಅಂದು ಬಾಯ್ಲರ್ ದುರಸ್ತಿ ಬಲ್ಲವರಾಗಿದ್ದವರಿಗೆ ಈಗ ವಯಸ್ಸಾಗಿದೆ. ಹರಿಯಾಣದ ರೇವಾರಿ ಶೆಡ್ಡಿನಂಥ ಕೆಲವೆಡೆ ಮಾತ್ರ ಆ ಕಸುಬು ಇನ್ನೂ ಉಳಿದಿದೆ.

ಎಲ್ಲ ಎಂಜಿನ್ನುಗಳನ್ನೂ ಓಡಿಸಲಾಗದು, ಓಡಿಸಬೇಕಾದ್ದೂ ಇಲ್ಲ. ಕೆಲವನ್ನು ಓಡಿಸಿ ವಿದ್ಯೆ ಉಳಿಸಿಕೊಂಡು, ಉಳಿದವಕ್ಕೆ ಸೂರು ಕಟ್ಟಿ, ನೀರು ಬಸಿದುಹೋಗುವಂತೆ ಮಾಡಿ, ಚಲಿಸುವ ಭಾಗಗಳಿಗೆ ಗ್ರೀಸ್ ಬಳಿದರೆ ಆಯುಷ್ಯ ಹೆಚ್ಚುತ್ತದೆ. ಮುಂದಿನ ರಜೆಯಲ್ಲಿ ಇಂಥ ಎಂಜಿನ್ ನೋಡಲು ಹೋಗುವ ವಿದ್ಯಾರ್ಥಿಗಳು ಹೊಳೆಯುವ ಮುಖವನ್ನಷ್ಟೇ ನೋಡದೆ, ಬಾಯ್ಲರಿನ ಹೊಟ್ಟೆಯ ಕೆಳಗೂ ಬಗ್ಗಿ ನೋಡಲಿ. ಅಲ್ಲಿ ಕೆಂಗಂದು ಕಲೆಗಳಿದ್ದರೆ ಒಳಗೆ ನೀರು ನಿಂತಿರಬಹುದು. ಅದನ್ನು ಅಲ್ಲಿನ ಸಿಬ್ಬಂದಿಯ ಗಮನಕ್ಕೆ ತಂದರೆ ಆ ದಿನದ ಪಾಠ ಸಾರ್ಥಕ.