ಮನ್ನಾ ಇಲ್ಲದ ಖಾತೆ

ಆರೋಗ್ಯ ಪುರವಣಿಯೊಂದರಲ್ಲಿ ವ್ಯಾಸ್ಕ್ಯುಲೈಟಿಸ್, ಅಂದರೆ ರಕ್ತನಾಳಗಳ ಉರಿಯೂತದ ಕಾಯಿಲೆಗಳ ಕುರಿತ ಬರಹವಿತ್ತು. ಮೊದಲೆಲ್ಲ ರೋಗಿಗಳು ಸಾಯುತ್ತಿದ್ದರು, ಈಗ ಹೆಚ್ಚಿನವರು ಬದುಕುತ್ತಾರಂತೆ. ಎಷ್ಟು ವರ್ಷ? ಸುದ್ದಿಯೇ ಇಲ್ಲ. ಅವಧಿ ಹೇಳದ ಇಂಥ ಲೆಕ್ಕ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ.

ಅವಧಿಸಮೇತ ಹೇಳುತ್ತೇನೆ. 1958ರಲ್ಲಿ ಬ್ರಿಟನ್ನಿನ ವಾಲ್ಟನ್, ಆಗ ವೆಗೆನರ್ ಹೆಸರಿನಲ್ಲಿದ್ದ, ಇಂದು ಜಿಪಿಎ ಎನ್ನುವ ವ್ಯಾಸ್ಕ್ಯುಲೈಟಿಸ್ ಬಗೆಯ ಪ್ರಕರಣಗಳನ್ನು ಕಲೆಹಾಕಿದಾಗ ಸಿಕ್ಕ ಸರಾಸರಿ ಆಯಸ್ಸು ಐದು ತಿಂಗಳು. ಶೇ 82 ಮಂದಿ ವರ್ಷ ತುಂಬುವುದರೊಳಗೆ ಹೋಗಿದ್ದರು. 2011ರಲ್ಲಿ ಯುರೋಪಿನ 535 ರೋಗಿಗಳ ಲೆಕ್ಕ ಬಂತು. ಅದರಲ್ಲಿ ಇದರ ದಾಯಾದಿಯಂಥ ಇನ್ನೊಂದು ಕಾಯಿಲೆಯಿಂದ ನರಳುವವರೂ ಇದ್ದರು. ಐದು ವರ್ಷದ ನಂತರ ಉಳಿದವರು ಶೇ 78. ನಡುವೆ ಸ್ಟೀರಾಯ್ಡ್ ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಸೈಕ್ಲೋಫಾಸ್ಫಮೈಡ್ ಬಂದಿತ್ತು. ಅದೇನೂ ಪುಕ್ಕಟೆ ಬರಲಿಲ್ಲ: ಯುರೋಪಿನ ಆ ಗುಂಪಿನಲ್ಲಿ ಮೊದಲ ವರ್ಷ ತೀರಿಕೊಂಡವರಲ್ಲಿ ಹೆಚ್ಚು ಜನರನ್ನು ಕೊಂಡೊಯ್ದದ್ದು ಕಾಯಿಲೆಯಲ್ಲ, ಸೋಂಕು.

ಇನ್ನು ನನ್ನ ಗೀಳಿಗೆ ಬರುತ್ತೇನೆ. ಬದುಕುಳಿದವರಿಗೆ ಏನೇನು ಕೆಟ್ಟಿತು ಎಂದು ಬರೆದಿಡಲು ಬರ್ಮಿಂಗ್‌ಹ್ಯಾಮ್ ವೈದ್ಯರು 1997ರಲ್ಲಿ ಒಂದು ಹಾನಿ ಸೂಚ್ಯಂಕ ಪ್ರಕಟಿಸಿದರು. ಒಟ್ಟು 64 ಬಾಬ್ತು. ಮೂರು ತಿಂಗಳು ಬಿಡದೆ ಉಳಿದರೆ ಒಂದು ಅಂಕ. ಮೂಗಿನೊಳಗೆ ಹಕ್ಕಳೆಗಟ್ಟುತ್ತಿದ್ದರೂ ಒಂದೇ, ಒಂದು ಕಣ್ಣು ಕುರುಡಾದರೂ ಒಂದೇ. ಕೆಡಿಸಿದ್ದು ರೋಗವೋ ಮದ್ದೋ ಎಂಬ ವಿಚಾರಣೆಯಿಲ್ಲ. ಬರೆದ ಅಂಕ ಅಳಿಸುವಂತೆಯೂ ಇಲ್ಲ. ಪೊರೆ ತೆಗೆಸಿ ದೃಷ್ಟಿ ಮರಳಿದರೂ ಅದು ಅಲ್ಲೇ. ಸೊಸೈಟಿ ಸಾಲಕ್ಕಾದರೂ ಚುನಾವಣೆ ಬಂದಾಗ ಮನ್ನಾ ಉಂಟು, ಇದಕ್ಕಿಲ್ಲ. ಈ ನಿಷ್ಠುರತೆಯೇ ನನಗೆ ಹಿಡಿಸಿದ್ದು. ಕೆಲವರು ಇದನ್ನು ಒರಟು ಅಳತೆ ಎನ್ನುತ್ತಾರೆ. ಒರಟೇ ಸರಿ, ಆದರೆ ಕಾಯಿಲೆ ಹತೋಟಿಗೆ ಬಂತೆಂಬ ಖುಷಿಯಲ್ಲಿ ಹಳೆಯದನ್ನು ಮರೆಯಲು ಅದು ಬಿಡುವುದಿಲ್ಲ.

ಹೀಗೆ ಮೆಚ್ಚಿಕೊಳ್ಳುತ್ತ ಬಾಬ್ತುಗಳ ಮೇಲೆ ಕಣ್ಣಾಡಿಸುತ್ತಿದ್ದವನಿಗೆ ಸುಸ್ತು ಎಲ್ಲೂ ಸಿಗಲಿಲ್ಲ. ಸ್ನಾಯು ಸವೆತವಿದೆ, ಮೂಳೆ ಟೊಳ್ಳಾಗುವುದಿದೆ, ಸುಸ್ತಿಲ್ಲ. ಯಾವುದು ಹೆಚ್ಚು ಭಾರ ಎಂದು ರೋಗಿಗಳನ್ನೇ ಕೇಳಿದಾಗ ಪಟ್ಟಿಯ ಮೇಲ್ಗಡೆ ಬಂದದ್ದು ಅದೇ. "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲಮ್ಮ" ಎನ್ನುವ ವೈದ್ಯರ ಮುಂದೆ, ಸ್ನಾನ ಮಾಡಿ ಬಂದು ಮತ್ತೆ ಮಲಗಬೇಕಾಗುವ ಹೆಂಗಸು ಯಾವ ಬಾಬ್ತಿನಲ್ಲಿ ತನ್ನ ದಿನವನ್ನು ಬರೆಸಬೇಕು? ಎಷ್ಟು ವರ್ಷ ಎಂದು ಪುರವಣಿಯವರ ಮೇಲೆ ಹರಿಹಾಯುವ ಮುಂಚೆ, ಆ ವರ್ಷಗಳ ಲೆಕ್ಕ ಬರೆಯುವವರು ಯಾರು ಎಂದು ನಾನು ಕೇಳಬೇಕಿತ್ತು.

2018ರಲ್ಲಿ ರೋಗಿಗಳ ಜೊತೆ ಕೂತು ರೂಪಿಸಿದ, ಅವರೇ ಉತ್ತರಿಸುವ 29 ಪ್ರಶ್ನೆಗಳ ಪಟ್ಟಿ ಬಂದಿದೆ. ಮುಂದೇನೋ ಎಂಬ ದಿಗಿಲಿಗೂ ಅದರಲ್ಲಿ ಜಾಗವಿದೆ. ಔಷಧ ಪ್ರಯೋಗಗಳ ವರದಿಯಲ್ಲಿ ಅದರ ಉತ್ತರಗಳನ್ನು ಕೊನೆಯ ಕೋಷ್ಟಕಕ್ಕೆ ತಳ್ಳಿದರೆ ಮಾತ್ರ ನನ್ನ ತಕರಾರು ಮುಂದುವರಿಯುತ್ತದೆ.