ಕೃಷ್ಣರಂಧ್ರದ ನಾದವೂ ಕನ್ನಡ ನುಡಿಯೂ

ಸಕ್ರೆಬೈಲಿನ ಬಿಡಾರದ ಆನೆಗಳು ತುಂಗೆಯ ಹಿನ್ನೀರಿಗಿಳಿದು ಮೀಯುವುದನ್ನು ನೋಡಲು ಜನರು ಬೆಳಿಗ್ಗೆ ಬರುವರು, ಹೊತ್ತೇರಿದೊಡನೆ ಹಿಂದಿರುಗುವರು. ರಾತ್ರಿ ಆ ನೀರಿನ ಮೇಲೆ ತೆರೆದುಕೊಳ್ಳುವ ನಕ್ಷತ್ರಮಂಡಲವನ್ನು ನೋಡುವವರು ಅಪರೂಪ. ಅಲ್ಲಿಯ ಮಕ್ಕಳಿಗಾದರೂ ಅದರ ವಿಚಾರವನ್ನು ತಾಯ್ನುಡಿಯಲ್ಲಿ ತಿಳಿಸುವವರುಂಟೆ? ಈ ಪ್ರಶ್ನೆಯೊಡನೆ ನಮಗೆ ನೆನಪಾಗುವವರು ಕೀರ್ತಿಶೇಷರಾದ ಸಿ. ವಿ. ವಿಶ್ವೇಶ್ವರ ಅವರು.

1938ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕೆಗೆ ತೆರಳಿ, ಮೇರಿಲೆಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆ ನಡೆಸಿದರು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರವು ಸ್ಥಿರವಾಗಿ ನಿಲ್ಲಬಲ್ಲುದೇ ಎಂಬ ಸಂಶಯವು ಆಗ ಇದ್ದಿತು. ನಿಲ್ಲಬಲ್ಲುದೆಂದು ಇವರು ಗಣಿತದಿಂದ ತೋರಿಸಿದರು. ಗಂಟೆಯನ್ನು ಬಡಿದರೆ ಅದು ತನ್ನದೇ ಶ್ರುತಿಯಲ್ಲಿ ಮೊಳಗಿ ಮೆಲ್ಲಗೆ ಅಡಗುವುದಷ್ಟೆ. ಕದಲಿದ ಕೃಷ್ಣರಂಧ್ರವೂ ತನ್ನ ತೂಕಕ್ಕೆ ತಕ್ಕ ಶ್ರುತಿಯಲ್ಲಿ ಗುರುತ್ವದ ಅಲೆಗಳನ್ನೆಬ್ಬಿಸಿ ಶಾಂತವಾಗುವುದೆಂದು 1970ರಲ್ಲಿ ಕಂಡುಹಿಡಿದರು. ಕಿರುಗಂಟೆ ಯಾವುದು, ದೇವಾಲಯದ ಹಿರಿಯ ಗಂಟೆ ಯಾವುದು ಎಂಬುದನ್ನು ನಾದದಿಂದಲೇ ಅರಿಯುವಂತೆ, ಕಣ್ಣಿಗೆ ಕಾಣದ ಕಾಯದ ತೂಕವನ್ನು ಇದರಿಂದ ಅರಿಯಬಹುದು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎಂದೋ ಬೆರೆತ ಎರಡು ಕೃಷ್ಣರಂಧ್ರಗಳ ಅಲೆಯನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕೆಯ ಲೈಗೋ ಯಂತ್ರಗಳು ಹಿಡಿದಾಗ, ಅದರ ಕೊನೆಯು ಇವರು ಹೇಳಿದ್ದಂತೆಯೇ ಮೊಳಗಿ ಅಡಗಿದ್ದಿತು. ಆ ವಾರ್ತೆಯನ್ನು ಕೇಳಿದ ತರುವಾಯ, 2017ರಲ್ಲಿ, ಇವರು ದಿವಂಗತರಾದರು.

ನಾವು ಇನ್ನೂ ಹೆಚ್ಚಾಗಿ ಮೆಚ್ಚುವ ಸಂಗತಿ ಬೇರೊಂದುಂಟು. ಸ್ವದೇಶಕ್ಕೆ ಮರಳಿದ ಈ ವಿದ್ವಾಂಸರು, 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಶಾಲೆಯ ಮಕ್ಕಳಿಗೆ ಆಕಾಶವನ್ನು ತೋರಿಸುವುದು ತಮ್ಮ ಅಂತಸ್ತಿಗೆ ಕಡಮೆಯೆಂದು ಅವರು ಎಣಿಸಲಿಲ್ಲ.

ಶಾಸ್ತ್ರವಿಷಯಗಳಿಗೆ ಕನ್ನಡವು ಸಾಲದೆನ್ನುವವರು ನಮ್ಮ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಇನ್ನೂ ಇರುವರು. ಮೆಟ್ರಿಕ್ಯುಲೇಷನ್ ದಾಟದ ನಮಗೆ ಮೇಲಿನ ನಾಲ್ಕು ಮಾತುಗಳನ್ನು ಹೇಳಲು ಕನ್ನಡವೇ ಸಾಕಾಯಿತು. ಪಂಡಿತರಾದ ಅವರಿಗೆ ಸಾಲದೆ?

ಕನ್ನಡ ಮಾಧ್ಯಮಕ್ಕಾಗಿ ಹೋರಾಡಿದ ಕುವೆಂಪು ಅವರ ಹೆಸರಿನ ವಿಶ್ವವಿದ್ಯಾನಿಲಯವು ಭದ್ರಾವತಿಗೆ ಸಮೀಪದ ಶಂಕರಘಟ್ಟದಲ್ಲಿಯೇ ಇದೆ. ಅಲ್ಲಿಯ ಭೌತಶಾಸ್ತ್ರದ ಅಧ್ಯಾಪಕರು ಮಳೆಗಾಲ ಕಳೆದ ಮೇಲೆ ತಿಂಗಳಿಗೊಂದು ಸಂಜೆ ದೂರದರ್ಶಕವೊಂದನ್ನು ತಂದು ಸಕ್ರೆಬೈಲಿನಂತಹ ಗ್ರಾಮಗಳ ಶಾಲೆಗಳಲ್ಲಿ ಕನ್ನಡದಲ್ಲಿ ಮಾತನಾಡಲಿ. ವಿದ್ಯಾ ಇಲಾಖೆಯ ಅಧಿಕಾರಿಗಳು ಅನುಕೂಲ ಕಲ್ಪಿಸಲಿ. ಶಿವಮೊಗ್ಗೆಯ ವರ್ತಕ ಮಹಾಶಯರು ವೆಚ್ಚವನ್ನು ವಹಿಸಲಿ. ನಮ್ಮ ಪತ್ರಿಕೆಯ ಪಾಲನ್ನು ಮೊದಲು ಸಲ್ಲಿಸಲು ನಾವು ಸಿದ್ಧರಿದ್ದೇವೆ. ಸ್ವಾತಂತ್ರ್ಯ ಬಂದು ಇಷ್ಟು ಕಾಲವಾದರೂ ಮಾವುತನ ಮಗನಿಗೆ ಆಕಾಶದ ವಿದ್ಯೆಯು ಪರಭಾಷೆಯ ಬೀಗದೊಳಗೇ ಉಳಿಯುವುದಾದರೆ, ಅದು ನಾಡಿಗೆ ಭೂಷಣವಲ್ಲ.